ಪರೀಕ್ಷೆಯ ಇಂಗ್ಲಿಷ್ ಮಾತುಗಳು ಮತ್ತು ನಮ್ಮ ಕನ್ನಡ

(ವಾಚನಾಲಯದ ಭಾನುವಾರದ ಕೂಟದಲ್ಲಿ, ಪರೀಕ್ಷೆಗೆ ಕೂರುವ ಮಿತ್ರರ ಮುಂದೆ ಮಾಡಿದ ಭಾಷಣದ ಪಾಠ)



ಈ ಹೊತ್ತು ನಮ್ಮ ಪಾಲಿಗೆ ಬಂದಿರುವ ವಿಷಯ ಸಾಹಿತ್ಯದ್ದಲ್ಲ, ಸಂಗೀತದ್ದೂ ಅಲ್ಲ, ಹೊಟ್ಟೆಪಾಡಿನದು. ಸರ್ಕಾರಿ ಕೆಲಸದ ಪರೀಕ್ಷೆಗೆ ಬೇಕಾದ ಕಠಿಣವಾದ ಇಂಗ್ಲಿಷ್ ಶಬ್ದಗಳನ್ನು ಕಲಿಯುವುದು ಹೇಗೆ ಎಂಬುದೇ ಆ ವಿಷಯ. ಇದನ್ನು ಹೇಳಲು ನಿಂತಿರುವ ನಾವು ಪಂಡಿತರಲ್ಲ. ನಾವೂ ಮೆಟ್ರಿಕ್‌ವರೆಗೆ ಓದಿ ಗಿರಣಿಯ ದಫ್ತರದಲ್ಲಿ ಲೆಕ್ಕ ಬರೆಯುವವರು. ಸಂಜೆ ಇಲ್ಲಿ ಕುಳಿತು ಪುಸ್ತಕ ಕೊಟ್ಟು ತೆಗೆದುಕೊಳ್ಳುವವರು. ಆದುದರಿಂದ ಈ ಮಾತುಗಳನ್ನು ಉಪದೇಶವೆಂದು ತಿಳಿಯದೆ, ಒಂದೇ ಬೆಂಚಿನಲ್ಲಿ ಕುಳಿತವರ ಮಾತೆಂದು ತಿಳಿಯಬೇಕೆಂದು ಅರಿಕೆ.

ಮೊದಲು ಪರೀಕ್ಷೆಯ ಸ್ವರೂಪವನ್ನು ನೋಡೋಣ. ಕೇಂದ್ರ ಸರ್ಕಾರದ ಕೆಳಹಂತದ ನೌಕರಿಗಳಿಗೆ ಜನರನ್ನು ಆರಿಸುವ ಸಂಸ್ಥೆ ಸ್ಟಾಫ್ ಸೆಲೆಕ್ಷನ್ ಕಮಿಷನ್. ಇದು 1975ರಲ್ಲಿ ಸಬಾರ್ಡಿನೇಟ್ ಸರ್ವಿಸಸ್ ಕಮಿಷನ್ ಎಂಬ ಹೆಸರಿನಿಂದ ಹುಟ್ಟಿ, 1977ರಲ್ಲಿ ಈಗಿನ ಹೆಸರನ್ನು ಪಡೆಯಿತು. ಇದು ನಡೆಸುವ ಹಲವು ಪರೀಕ್ಷೆಗಳಲ್ಲಿ ಮೆಟ್ರಿಕ್ ಆದವರಿಗೆ ಮುಖ್ಯವಾದದ್ದು ಮಲ್ಟಿ ಟಾಸ್ಕಿಂಗ್ ಸ್ಟಾಫ್ ಪರೀಕ್ಷೆ. ಹಿಂದೆ ಪ್ಯೂನ್, ದಫ್ತರಿ, ಫರಾಶ್ ಎಂದು ಬೇರೆ ಬೇರೆಯಾಗಿದ್ದ ಕೆಲಸಗಳನ್ನು ಆರನೆಯ ವೇತನ ಆಯೋಗದ ಶಿಫಾರಸಿನ ಮೇಲೆ ಒಂದುಗೂಡಿಸಿದ ಹುದ್ದೆ ಅದು. ಏಳನೆಯ ವೇತನ ಆಯೋಗದ ಪ್ರಕಾರ 2016ರಿಂದ ಅದರ ಆರಂಭದ ಮೂಲ ವೇತನ 18,000 ರೂಪಾಯಿ. ವಯಸ್ಸಿನ ಮಿತಿ ಮಾತ್ರ ಬಿಗಿ: ಹೆಚ್ಚಿನ ಹುದ್ದೆಗಳಿಗೆ 18ರಿಂದ 25, ಕೆಲವಕ್ಕೆ 27, ಮೀಸಲಾತಿ ಇದ್ದವರಿಗೆ ನಿಯಮದಂತೆ ಸಡಿಲಿಕೆ. ಊರು ಬಿಟ್ಟು ಇಲ್ಲಿಗೆ ಬಂದು, ಒಂದು ಕೆಲಸ ಹಿಡಿದು, ಕಾಲೂರುವಷ್ಟರಲ್ಲೇ ನಾಲ್ಕಾರು ವರ್ಷ ಕಳೆದಿರುತ್ತದೆ. ಹೀಗಾಗಿ ಒಬ್ಬೊಬ್ಬರಿಗೆ ಸಿಗುವುದು ಎರಡೋ ಮೂರೋ ಅವಕಾಶ.

2023ನೆಯ ಇಸವಿಯಲ್ಲಿ ಒಂದು ಒಳ್ಳೆಯ ಸಂಗತಿ ನಡೆಯಿತು. ಅದುವರೆಗೆ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಬರುತ್ತಿದ್ದ ಈ ಪರೀಕ್ಷೆಯ ಪ್ರಶ್ನೆಗಳು ಕನ್ನಡವೂ ಸೇರಿ ಇನ್ನೂ 13 ಭಾಷೆಗಳಲ್ಲಿ ಬರುವಂತಾಯಿತು. ಲೆಕ್ಕ, ತರ್ಕ, ಸಾಮಾನ್ಯ ಜ್ಞಾನ ಇವನ್ನೆಲ್ಲ ಕನ್ನಡದಲ್ಲೇ ಓದಿ ಉತ್ತರಿಸಬಹುದು. ನಮ್ಮವರಲ್ಲಿ ಅನೇಕರು ಇದನ್ನು ಕೇಳಿ, "ಇನ್ನು ಇಂಗ್ಲಿಷಿನ ಕಾಟ ತಪ್ಪಿತು" ಎಂದುಕೊಂಡರು. ಆದರೆ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಅದೇ ವರ್ಷ ಬಂದ ಕ್ರಮದಲ್ಲಿ ಪರೀಕ್ಷೆಗೆ 45 ನಿಮಿಷಗಳ ಎರಡು ಭಾಗ. ಮೊದಲನೆಯದರಲ್ಲಿ ಲೆಕ್ಕಕ್ಕೆ 20, ತರ್ಕಕ್ಕೆ 20 ಪ್ರಶ್ನೆ. ಎರಡನೆಯದರಲ್ಲಿ ಸಾಮಾನ್ಯ ಜ್ಞಾನಕ್ಕೆ 25, ಇಂಗ್ಲಿಷಿಗೆ 25. ಪ್ರತಿ ಪ್ರಶ್ನೆಗೂ 3 ಅಂಕ. ಮೊದಲ ಭಾಗದಲ್ಲಿ ಪಾಸಾದರೆ ಸಾಕು. ಯಾರು ಮೇಲು, ಯಾರು ಕೆಳಗು ಎಂದು ಪಟ್ಟಿ ಮಾಡುವುದು ಎರಡನೆಯ ಭಾಗದ 150 ಅಂಕಗಳಿಂದ. ಅದರಲ್ಲಿ 75 ಇಂಗ್ಲಿಷಿನದೇ. ಇಂಗ್ಲಿಷ್ ಪ್ರಶ್ನೆಗಳಂತೂ ಯಾವ ಭಾಷೆಯನ್ನು ಆರಿಸಿಕೊಂಡವರಿಗೂ ಇಂಗ್ಲಿಷಿನಲ್ಲೇ ಇರುತ್ತವೆ. ಅಂದರೆ ಬಾಗಿಲು ಕನ್ನಡದಲ್ಲಿ ತೆರೆಯಿತು, ನಿಜ. ಒಳಗಿನ ಮೆಟ್ಟಿಲುಗಳಲ್ಲಿ ಅರ್ಧ ಇನ್ನೂ ಇಂಗ್ಲಿಷಿನವೇ. ಪದವೀಧರರು ಕೂರುವ ಕಂಬೈಂಡ್ ಗ್ರ್ಯಾಜುಯೇಟ್ ಲೆವೆಲ್ ಪರೀಕ್ಷೆಯ ಎರಡನೆಯ ಹಂತದಲ್ಲಿ 2022ರ ಕ್ರಮದಂತೆ ಇಂಗ್ಲಿಷಿಗೆ 45 ಪ್ರಶ್ನೆ, 135 ಅಂಕ. ಕ್ರಮ ಬದಲಾಗುವುದುಂಟು, ಆಯಾ ವರ್ಷದ ಪ್ರಕಟಣೆಯನ್ನು ಓದಿಕೊಂಡೇ ಅರ್ಜಿ ಹಾಕಬೇಕು.

ಈ ಪ್ರಶ್ನೆಗಳಲ್ಲಿ ವ್ಯಾಕರಣ ಉಂಟು, ಗದ್ಯಭಾಗ ಓದಿ ಉತ್ತರಿಸುವುದುಂಟು. ಉಳಿದವು ಶಬ್ದಗಳದು: ಸಮಾನಾರ್ಥ, ವಿರುದ್ಧಾರ್ಥ, ನುಡಿಗಟ್ಟು, ಕಾಗುಣಿತ, ಇಡೀ ವಾಕ್ಯಕ್ಕೆ ಒಂದೇ ಶಬ್ದ ಹೇಳುವುದು. ಮುಖರ್ಜಿ ನಗರದ ಕಡೆ ಹೋದರೆ ಇವಕ್ಕೆಂದೇ ದಪ್ಪ ದಪ್ಪ ಗೈಡುಗಳು ಸಿಗುತ್ತವೆ. ಅಕಾರಾದಿಯಾಗಿ ಸಾವಿರಾರು ಶಬ್ದ. ಎದುರಿಗೆ ಇನ್ನೊಂದು ಇಂಗ್ಲಿಷ್ ಶಬ್ದ. ಗೊತ್ತಿಲ್ಲದ ಮಾತಿಗೆ ಗೊತ್ತಿಲ್ಲದ ಮಾತೇ ಅರ್ಥ! 'ಎ' ಅಕ್ಷರದಲ್ಲಿ ಶುರುಮಾಡಿ 'ಸಿ' ಮುಟ್ಟುವ ಹೊತ್ತಿಗೆ 'ಎ' ಮರೆತಿರುತ್ತದೆ. ಆಗ ಮನಸ್ಸಿಗೆ ಬರುವ ಮೊದಲ ಯೋಚನೆ: "ನಾವು ಕನ್ನಡ ಮೀಡಿಯಂನವರು, ಇದು ನಮ್ಮಿಂದಾಗುವುದಲ್ಲ." ಎರಡನೆಯ ಯೋಚನೆ: "ಇನ್ನು ಕನ್ನಡ ಓದುವುದನ್ನು ನಿಲ್ಲಿಸಿಬಿಡೋಣ." ಈ ಎರಡು ಯೋಚನೆಗಳೂ ತಪ್ಪು ಎಂದು ತೋರಿಸುವುದೇ ಈ ಭಾಷಣದ ಉದ್ದೇಶ. ಶಬ್ದಕ್ಕೆ ಎರಡು ಭಾಗ: ಒಂದು ಅರ್ಥ, ಇನ್ನೊಂದು ವೇಷ. ಪರೀಕ್ಷೆ ಕೇಳುವ ಶಬ್ದಗಳಲ್ಲಿ ಬಹುಪಾಲಿಗೆ ಅರ್ಥ ನಮ್ಮ ಮನೆಯಲ್ಲೇ ಇದೆ. ಕಲಿಯಬೇಕಾದದ್ದು ವೇಷವನ್ನು ಮಾತ್ರ. ಕನ್ನಡ ಚೆನ್ನಾಗಿ ಬಲ್ಲವನಿಗೆ ಅರ್ಧ ಕೆಲಸ ಆಗಲೇ ಮುಗಿದಿದೆ.

ಇಡೀ ವಾಕ್ಯಕ್ಕೆ ಒಂದೇ ಶಬ್ದ ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಶಾಲೆಯಲ್ಲಿ ಬಹುವ್ರೀಹಿ ಸಮಾಸ ಓದಿದ್ದೇವೆ: ಮೂರು ಕಣ್ಣು ಉಳ್ಳವನು ಯಾವನೋ ಅವನು ಮುಕ್ಕಣ್ಣ. ಈ ಪ್ರಶ್ನೆಯೂ ಅದೇ ಜಾತಿಯದು. ಎಲ್ಲವನ್ನೂ ಬಲ್ಲವನು ಯಾರು? ಸರ್ವಜ್ಞ. ಇಂಗ್ಲಿಷಿನಲ್ಲಿ 'ಆಮ್ನಿಸಿಯೆಂಟ್'. ಎಲ್ಲ ಶಕ್ತಿಯೂ ಉಳ್ಳವನು ಸರ್ವಶಕ್ತ, 'ಆಮ್ನಿಪೊಟೆಂಟ್'. ಎಲ್ಲೆಲ್ಲೂ ಇರುವವನು ಸರ್ವವ್ಯಾಪಿ, 'ಆಮ್ನಿಪ್ರೆಸೆಂಟ್'. 'ಆಮ್ನಿ' ಎಂದರೆ 'ಸರ್ವ' ಎಂದು ಒಂದು ಸಲ ತಿಳಿದರೆ ಮೂರೂ ಒಟ್ಟಿಗೆ ಬಂದವು. ಹೀಗೆಯೇ ನಾಸ್ತಿಕ 'ಏಥಿಯಿಸ್ಟ್', ಮರಣೋತ್ತರ 'ಪೋಸ್ಟ್‌ಹ್ಯೂಮಸ್', ಸಮಕಾಲೀನ 'ಕಂಟೆಂಪೊರರಿ', ಅನಿವಾರ್ಯ 'ಇನೆವಿಟಬಲ್', ಅಜೇಯ 'ಇನ್‌ವಿನ್ಸಿಬಲ್', ಕೃತಘ್ನ 'ಇನ್‌ಗ್ರೇಟ್', ಅರಾಜಕತೆ 'ಅನಾರ್ಕಿ', ಸ್ವಗತ 'ಸಲಿಲಕ್ವಿ'. ಈ ಕನ್ನಡ ಮಾತುಗಳಲ್ಲಿ ಯಾವುದು ನಮಗೆ ಹೊಸದು? ಕನ್ನಡ ಪತ್ರಿಕೆಯ ಸಂಪಾದಕೀಯವನ್ನು ದಿನವೂ ಓದುವವನಿಗೆ ಇವೆಲ್ಲ ಪರಿಚಿತ. ಓದದವನಿಗೆ ಕನ್ನಡದ 'ಕೃತಘ್ನ'ವೂ ಗೊತ್ತಿಲ್ಲ, ಇಂಗ್ಲಿಷಿನ 'ಇನ್‌ಗ್ರೇಟ್' ಕೂಡ ಗೊತ್ತಿಲ್ಲ. ಅವನು ಅರ್ಥವನ್ನೂ ವೇಷವನ್ನೂ ಎರಡನ್ನೂ ಕಲಿಯಬೇಕು. ಆದುದರಿಂದಲೇ ಹೇಳುವುದು, ಇಂಗ್ಲಿಷ್ ಬೇಕಾದರೆ ಕನ್ನಡ ಪತ್ರಿಕೆ ಓದುವುದನ್ನು ಬಿಡಬೇಡಿ.

ಇನ್ನು ವೇಷದ ವಿಚಾರ. ಇಂಗ್ಲಿಷಿನ ಕಠಿಣ ಶಬ್ದಗಳಲ್ಲಿ ಹೆಚ್ಚಿನವು ಲ್ಯಾಟಿನ್, ಗ್ರೀಕ್ ಭಾಷೆಗಳಿಂದ ಬಂದವು. ಕನ್ನಡಕ್ಕೆ ಸಂಸ್ಕೃತ ಹೇಗೋ, ಇಂಗ್ಲಿಷಿಗೆ ಅವು ಹಾಗೆ. ಸಂಸ್ಕೃತ ಶಬ್ದಗಳಿಗೆ ಧಾತು, ಉಪಸರ್ಗ ಇರುವಂತೆ ಅವಕ್ಕೂ ಇವೆ. ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. 1786ರಲ್ಲಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ ಸರ್ ವಿಲಿಯಂ ಜೋನ್ಸ್ ಎಂಬ ನ್ಯಾಯಾಧೀಶರು ಮಾತನಾಡುತ್ತ, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಹುಟ್ಟಿರಬೇಕೆಂದು ಹೇಳಿದರು. ಮುಂದೆ ಭಾಷಾಶಾಸ್ತ್ರಜ್ಞರು ಅದನ್ನು ವಿಸ್ತಾರವಾಗಿ ಸಿದ್ಧಪಡಿಸಿದರು. ನಮ್ಮ ಕನ್ನಡ ಆ ಮನೆತನದ್ದಲ್ಲ. ಅದು ತಮಿಳು, ತೆಲುಗು, ತುಳುಗಳ ಜೊತೆಯ ದ್ರಾವಿಡ ಭಾಷೆ. ಆದರೆ ಸಂಸ್ಕೃತದಿಂದ ನಾವು ಎರವಲು ತಂದ ಮಾತುಗಳು ನಮ್ಮ ಮನೆಯಲ್ಲಿ ಧಾರಾಳವಾಗಿವೆ. ಅವುಗಳ ಮೂಲಕ ಲ್ಯಾಟಿನ್ನಿನ ನೆಂಟಸ್ತಿಕೆ ನಮಗೂ ದಕ್ಕುತ್ತದೆ.

ಉದಾಹರಣೆಗೆ 'ಪೆಡ್' ಎಂದರೆ ಪಾದ. 'ಪೆಡೆಸ್ಟ್ರಿಯನ್' ಎಂದರೆ ಪಾದಚಾರಿ. 'ಕ್ವಾಡ್ರುಪೆಡ್' ಎಂದರೆ ಚತುಷ್ಪಾದಿ. ಕಾಲಿಗೆ ತೊಡಕು ಹಾಕುವುದು 'ಇಂಪೀಡ್', ಅಂದರೆ ಅಡ್ಡಿಪಡಿಸು. ತೊಡಕಿನಿಂದ ಕಾಲನ್ನು ಬಿಡಿಸುವುದು 'ಎಕ್ಸ್‌ಪಿಡೈಟ್', ಅಂದರೆ ಕೆಲಸವನ್ನು ತ್ವರೆಗೊಳಿಸು. ವಿರುದ್ಧಾರ್ಥದ ಒಂದು ಜೋಡಿಯೇ ಸಿಕ್ಕಿತು. 'ಡೆಂಟ್' ಎಂದರೆ ದಂತ. 'ಮಾರ್ಟಲ್' ಎಂದರೆ ಮರ್ತ್ಯ. 'ಇಮ್ಮಾರ್ಟಲ್' ಎಂದರೆ ಅಮರ. ಗ್ರೀಕಿನ 'ಅ', 'ಅನ್' ನಮ್ಮ ಅಮರ, ಅನಾದಿಗಳಲ್ಲಿರುವ ನಿಷೇಧದ ಅಕ್ಷರಗಳೇ. 'ಅನಾನಿಮಸ್' ಎಂದರೆ ಹೆಸರಿಲ್ಲದ್ದು. ಅದನ್ನು 'ಅನಾಮಿಕ'ದ ಪಕ್ಕದಲ್ಲಿಟ್ಟು ನೋಡಿ. 'ಬೆನೆ' ಎಂದರೆ ನಮ್ಮ 'ಸು' ಇದ್ದಂತೆ, 'ಮಲ್' ಎಂದರೆ ನಮ್ಮ 'ದುರ್' ಇದ್ದಂತೆ. 'ಬೆನೆವೊಲೆಂಟ್' ಒಳ್ಳೆಯದನ್ನು ಬಯಸುವವನು, 'ಮೆಲೆವೊಲೆಂಟ್' ಕೆಟ್ಟದ್ದನ್ನು ಬಯಸುವವನು. 'ಬೆನೆಫ್ಯಾಕ್ಟರ್' ಉಪಕಾರಿ, 'ಮೆಲೆಫ್ಯಾಕ್ಟರ್' ದುಷ್ಕರ್ಮಿ.

ಇದಕ್ಕೆ ದೂರ ಹೋಗಬೇಕಾಗಿಯೂ ಇಲ್ಲ. ತಿಂಗಳ ಸಂಬಳದ ಚೀಟಿಯೇ ಒಂದು ಪಾಠದ ಪುಸ್ತಕ. ಅದರಲ್ಲಿ 'ಪ್ರಾವಿಡೆಂಟ್ ಫಂಡ್' ಎಂದಿದೆ. 'ಪ್ರೊ' ಎಂದರೆ ಮುಂದೆ, 'ವಿಡ್' ಎಂದರೆ ನೋಡು. ಮುಂದಿನದನ್ನು ನೋಡಿ ಕೂಡಿಡುವ ಹಣವೇ ಪ್ರಾವಿಡೆಂಟ್ ಫಂಡು. ಈ 'ವಿಡ್' ನಮ್ಮ ವಿದ್ಯೆ, ವೇದ ಶಬ್ದಗಳಲ್ಲಿರುವ 'ವಿದ್' ಧಾತುವಿನ ನೆಂಟ. ಕಣ್ಣಿಗೆ ಸ್ಪಷ್ಟವಾಗಿ ಕಾಣುವುದು 'ಎವಿಡೆಂಟ್', ಸಾಕ್ಷ್ಯ 'ಎವಿಡೆನ್ಸ್', ಮುಂದಾಲೋಚನೆ ಇಲ್ಲದ ದುಂದುಗಾರ 'ಇಂಪ್ರಾವಿಡೆಂಟ್'. ಕೆಳಗೆ 'ಡಿಡಕ್ಷನ್' ಎಂಬ ಕಾಲಂ ಇದೆ. 'ಡಕ್' ಎಂದರೆ ಎಳೆ, ಕರೆದೊಯ್ಯಿ. ಸಂಬಳದಿಂದ ಎಳೆದುಕೊಂಡದ್ದು ಡಿಡಕ್ಷನ್. ಮನುಷ್ಯನನ್ನೇ ಎಳೆದೊಯ್ದರೆ 'ಅಬ್ಡಕ್ಷನ್', ಅಪಹರಣ. ಕೆಲಸದ ಒಳಕ್ಕೆ ಕರೆದುಕೊಂಡರೆ 'ಇಂಡಕ್ಷನ್'. ದಫ್ತರದಲ್ಲಿ 'ಪೆಂಡಿಂಗ್' ಎಂದು ಬರೆದ ಕಡತ ಎಷ್ಟಿಲ್ಲ? 'ಪೆಂಡ್' ಎಂದರೆ ತೂಗಾಡು. ತೀರ್ಮಾನವಾಗದೆ ತೂಗಾಡುವುದು ಪೆಂಡಿಂಗ್. ನೌಕರನನ್ನು ಒಳಗೂ ಬಿಡದೆ ಹೊರಗೂ ಹಾಕದೆ ತೂಗುಹಾಕುವುದು 'ಸಸ್ಪೆಂಡ್'. ಅರ್ಜಿಯ ಬಾಲಕ್ಕೆ ಕಾಗದ ತೂಗುಹಾಕುವುದು 'ಅಪೆಂಡ್'. ತಲೆಯ ಮೇಲೆ ತೂಗುತ್ತಿರುವುದು 'ಇಂಪೆಂಡಿಂಗ್', ಅಂದರೆ ಸನ್ನಿಹಿತವಾದದ್ದು. ಮೊದಲೇ ಗೊತ್ತಿರುವ ಎರಡರ ಕೈಹಿಡಿದು ಗೊತ್ತಿಲ್ಲದ ಎರಡು ಒಳಗೆ ಬಂದವು. ಒಬ್ಬೊಬ್ಬ ಶಬ್ದವನ್ನಲ್ಲ, ಇಡೀ ಸಂಸಾರವನ್ನೇ ಪರಿಚಯ ಮಾಡಿಕೊಳ್ಳಿ ಎಂದು ನಾವು ಹೇಳುವುದು ಇದನ್ನೇ.

ಆದರೆ ಧಾತುವನ್ನು ನಂಬಿ ಕಣ್ಣುಮುಚ್ಚಿ ನಡೆಯಬಾರದು. ಪರೀಕ್ಷೆ ಮಾಡುವವರು ಹಳ್ಳ ತೋಡಿರುವುದೇ ಅಲ್ಲಿ. 'ಇನ್' ಎಂದರೆ ಇಲ್ಲ ಎಂದು ತಿಳಿದವನು 'ಇನ್‌ವ್ಯಾಲ್ಯುಯಬಲ್' ಎಂದರೆ ಬೆಲೆಯಿಲ್ಲದ್ದು ಎಂದು ಬರೆದುಬಿಡುತ್ತಾನೆ. ಅದರ ಅರ್ಥ ಬೆಲೆ ಕಟ್ಟಲಾಗದ್ದು. ಇಲ್ಲಿಯೂ ಕನ್ನಡವೇ ದಾರಿ ತೋರಿಸುತ್ತದೆ: ನಮ್ಮ 'ಅಮೂಲ್ಯ' ಎಂಬ ಮಾತೂ ಹಾಗೆಯೇ ಅಲ್ಲವೇ? 'ಇನ್‌ಫೇಮಸ್' ಎಂದರೆ ಹೆಸರಿಲ್ಲದವನಲ್ಲ, ಕುಖ್ಯಾತ. ಪೆಟ್ರೋಲ್ ಟ್ಯಾಂಕರಿನ ಮೇಲೆ ಬರೆಯುವ 'ಇನ್‌ಫ್ಲೇಮಬಲ್' ಎಂದರೆ ಹೊತ್ತಿಕೊಳ್ಳದ್ದಲ್ಲ, ಬೇಗ ಹೊತ್ತಿಕೊಳ್ಳುವಂಥದು. ಇದನ್ನು ತಪ್ಪಾಗಿ ತಿಳಿದರೆ ಹೋಗುವುದು ಅಂಕ ಮಾತ್ರವಲ್ಲ.

ಒಂದೇ ಶಬ್ದ ಬೇರೆ ಬೇರೆ ಮನೆಯಲ್ಲಿ ಬೇರೆ ಬೇರೆ ಅರ್ಥ ತಾಳುವುದನ್ನು ದೆಹಲಿಯ ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಹಿಂದಿಯವರ 'ಶಿಕ್ಷಾ' ವಿದ್ಯೆ. ನಮ್ಮ ಶಿಕ್ಷೆ ದಂಡನೆ. ಅವರ 'ಉಪನ್ಯಾಸ' ಕಾದಂಬರಿ, ನಮ್ಮದು ಭಾಷಣ. ಅವರ 'ಅವಸರ್' ಅವಕಾಶ, ನಮ್ಮದು ಆತುರ. ಅವರ 'ಅನುಮಾನ್' ಅಂದಾಜು, ನಮ್ಮದು ಸಂಶಯ. ಅವರ 'ಸಂಸಾರ್' ಪ್ರಪಂಚ. ನಮ್ಮದು ಹೆಂಡತಿ ಮಕ್ಕಳು. ಇಲ್ಲಿಗೆ ಬಂದ ಹೊಸದರಲ್ಲಿ ಇದರಿಂದ ಎಷ್ಟು ನಗೆಪಾಟಲಾಗುತ್ತದೆಂಬುದು ಎಲ್ಲರಿಗೂ ಗೊತ್ತು. ಒಂದು ವರ್ಷ ಕಳೆಯುವುದರೊಳಗೆ ಯಾವ ಗೈಡೂ ಇಲ್ಲದೆ ಈ ವ್ಯತ್ಯಾಸವನ್ನೆಲ್ಲ ಕಲಿತವರು ನಾವು. ಕಲಿತದ್ದು ಹೇಗೆ? ಬಸ್ಸಿನಲ್ಲಿ, ಅಂಗಡಿಯಲ್ಲಿ, ಬಾಡಿಗೆ ಮನೆಯಲ್ಲಿ ವಾಕ್ಯದ ಒಳಗೆ ಕೇಳಿ. ಇಂಗ್ಲಿಷಿಗೂ ಬೇಕಾದದ್ದು ಅದೇ ಬುದ್ಧಿ; ಅದು ನಮ್ಮಲ್ಲಿ ಆಗಲೇ ಇದೆ.

ಸಮಾನಾರ್ಥದ ಪ್ರಶ್ನೆಗಳಲ್ಲಿ ಈ ಸೂಕ್ಷ್ಮ ಬಹಳ ಬೇಕು. 'ಎಲೊಕ್ವೆಂಟ್', 'ಲೊಕ್ವೇಷಿಯಸ್' ಎರಡೂ ಚೆನ್ನಾಗಿ ಮಾತನಾಡುವವನಿಗೆ ಎಂದು ಬರೆದುಕೊಂಡರೆ ಸಾಲದು. ಮೊದಲನೆಯವನು ವಾಗ್ಮಿ, ಎರಡನೆಯವನು ವಾಚಾಳಿ. 'ಥ್ರಿಫ್ಟಿ' ಮಿತವ್ಯಯಿ, 'ಮೈಸರ್ಲಿ' ಜಿಪುಣ. 'ರೆಸಲ್ಯೂಟ್' ದೃಢಮನಸ್ಕ, 'ಅಬ್ಸ್ಟಿನೇಟ್' ಹಟಮಾರಿ. ಕನ್ನಡದಲ್ಲಿ ವಾಗ್ಮಿಯನ್ನು ವಾಚಾಳಿ ಎಂದು ಯಾರೂ ಕರೆಯುವುದಿಲ್ಲ. ಸರಿಯಾದ ಕನ್ನಡ ಮಾತನ್ನು ಪಕ್ಕದಲ್ಲಿ ಬರೆದುಕೊಂಡರೆ ಇಂಗ್ಲಿಷಿನಲ್ಲೂ ಯಾರೂ ದಾರಿ ತಪ್ಪಿಸಲಾರರು.

ಪರಭಾಷೆಯನ್ನು ಹೀಗೆ ವಾಕ್ಯದ ಒಳಹೊಕ್ಕು ಕಲಿತವರಿಗೆ ನಮ್ಮಲ್ಲೇ ಒಂದು ದೊಡ್ಡ ನಿದರ್ಶನವಿದೆ. ಜರ್ಮನಿಯಲ್ಲಿ 1832ರಲ್ಲಿ ಹುಟ್ಟಿದ ಫರ್ಡಿನೆಂಡ್ ಕಿಟ್ಟೆಲ್ ಎಂಬ ಪಾದ್ರಿಗಳು 1853ರಲ್ಲಿ ಬಾಸೆಲ್ ಮಿಷನ್ನಿನ ಕಡೆಯಿಂದ ಕನ್ನಡನಾಡಿಗೆ ಬಂದರು. ಆಗ ಅವರಿಗೆ ಕನ್ನಡ ಎಂಬುದು ನಮಗೆ ಲ್ಯಾಟಿನ್ ಎಷ್ಟೋ ಅಷ್ಟೇ ಅಪರಿಚಿತ. 1894ರಲ್ಲಿ ಮಂಗಳೂರಿನಿಂದ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದಾಗ ಅದರಲ್ಲಿ ಸುಮಾರು 70,000 ಶಬ್ದಗಳಿದ್ದುವು. ಅವರು ಬರಿಯ ಅರ್ಥ ಕೊಟ್ಟು ಸುಮ್ಮನಾಗಲಿಲ್ಲ. ಹಳೆಯ ಕಾವ್ಯದಿಂದ, ಜನರ ಗಾದೆಗಳಿಂದ ಪ್ರಯೋಗಗಳನ್ನು ಎತ್ತಿಕೊಟ್ಟರು. ಶಬ್ದ ಯಾರ ಜೊತೆ ಕೂರುತ್ತದೆ, ಎಲ್ಲಿ ಏಳುತ್ತದೆ ಎಂಬುದನ್ನು ನೋಡಿದರು. ಹೊರಗಿನವರೊಬ್ಬರು ನಮ್ಮ ಮಾತನ್ನು ಅಷ್ಟು ಬಲ್ಲವರಾದರೆ, ನಾವು ಇಂಗ್ಲಿಷಿನ ಏಳೆಂಟುನೂರು ಶಬ್ದಗಳಿಗೆ ಹೆದರಬೇಕೇ?

ನುಡಿಗಟ್ಟಿನ ಪ್ರಶ್ನೆಗಳಿಗೂ ಇದೇ ಉಪಾಯ. ಇಂಗ್ಲಿಷಿನವರು ಮೋಲ್ ಎಂಬ ಪ್ರಾಣಿ ಎಬ್ಬಿಸಿದ ಮಣ್ಣಿನ ಗುಡ್ಡೆಯನ್ನು ಬೆಟ್ಟ ಮಾಡಿದರೆ ನಾವು ಕಡ್ಡಿಯನ್ನು ಗುಡ್ಡ ಮಾಡುತ್ತೇವೆ. ಅವರು ಬೆಂಕಿಗೆ ಸೌದೆ ಹಾಕಿದರೆ ನಾವು ತುಪ್ಪ ಸುರಿಯುತ್ತೇವೆ. ಅವರು ಗಾಳಿಯಲ್ಲಿ ಕೋಟೆ ಕಟ್ಟಿದರೆ ನಾವು ಗಾಳಿಗೋಪುರ ಕಟ್ಟುತ್ತೇವೆ. ಅವರ ಕೆಟ್ಟ ಕೆಲಸಗಾರ ಹತ್ಯಾರನ್ನು ದೂರಿದರೆ ನಮ್ಮ ಕುಣಿಯಲಾರದವಳು ನೆಲ ಡೊಂಕು ಎನ್ನುತ್ತಾಳೆ. ಹೀಗೆ ಜೋಡಿ ಸಿಕ್ಕುವುದನ್ನು ಒಂದು ಕಡೆ ಬರೆದಿಡಿ. ಜೋಡಿ ಇಲ್ಲದವು ಕೆಲವೇ ಉಳಿಯುತ್ತವೆ. ಬಾಯಿಪಾಠ ಮಾಡಬೇಕಾದದ್ದು ಅಷ್ಟೇ.

ಕಾಗುಣಿತದಲ್ಲಿ ಮಾತ್ರ ಕನ್ನಡ ನಮಗೆ ನೆರವಾಗುವುದಿಲ್ಲ. ನಮ್ಮ ಲಿಪಿಯಲ್ಲಿ ನುಡಿದಂತೆ ಬರೆಯುತ್ತೇವೆ; ಇಂಗ್ಲಿಷಿನಲ್ಲಿ ಹಾಗಲ್ಲ. ಈ ಭಾಷಣದಲ್ಲಿ ಶಬ್ದಗಳನ್ನೆಲ್ಲ ಕನ್ನಡ ಅಕ್ಷರದಲ್ಲಿ ಹೇಳಿದ್ದೇವೆ. ನಿಮ್ಮ ನೋಟುಬುಕ್ಕಿನಲ್ಲಿ ಅವನ್ನು ನಿಘಂಟು ನೋಡಿ ಇಂಗ್ಲಿಷ್ ಅಕ್ಷರದಲ್ಲೇ ಬರೆದುಕೊಳ್ಳಬೇಕು. 'ಸ್ಟೇಷನರಿ' ಎಂದು ಕನ್ನಡದಲ್ಲಿ ಬರೆದರೆ ಎರಡು ಶಬ್ದ ಒಂದಾಗಿಬಿಡುತ್ತವೆ. ಕೊನೆಯಲ್ಲಿ 'ಎ ಆರ್ ವೈ' ಬಂದರೆ ನಿಂತಲ್ಲೇ ನಿಂತದ್ದು. 'ಇ ಆರ್ ವೈ' ಬಂದರೆ ಕಾಗದ ಲೇಖನಿಗಳ ಸಾಮಾನು. 'ಅಕಾಮಡೇಷನ್' ಎಂಬ ಶಬ್ದದಲ್ಲಿ 'ಸಿ' ಎರಡು, 'ಎಂ' ಎರಡು. ಬಾಡಿಗೆ ಮನೆಗಳ ಬೋರ್ಡುಗಳನ್ನು ನೋಡುತ್ತ ಹೋದರೆ ಎಷ್ಟು ಜನ ಒಂದನ್ನು ನುಂಗಿದ್ದಾರೆಂಬುದು ಕಾಣುತ್ತದೆ. ಆ ತಪ್ಪುಗಳನ್ನು ಹುಡುಕುವುದೂ ಒಂದು ಅಭ್ಯಾಸವೇ.

ಇನ್ನು ನೆನಪಿನ ಮಾತು. 1885ರಲ್ಲಿ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರು ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು, ಕಲಿತದ್ದರ ಮರೆವು ಮೊದಮೊದಲು ಬಹಳ ವೇಗವಾಗಿಯೂ ಆಮೇಲೆ ನಿಧಾನವಾಗಿಯೂ ಆಗುತ್ತದೆಂದು ತೋರಿಸಿದರು. ಆದುದರಿಂದ ಒಂದೇ ದಿನ ಐವತ್ತು ಶಬ್ದ ಉರುಹೊಡೆಯುವುದು ತೂತು ಬಿದ್ದ ಕೊಡಕ್ಕೆ ನೀರು ಹೊತ್ತಂತೆ. ದಿನಕ್ಕೆ ಐದೇ ಶಬ್ದ ಸಾಕು. ಪ್ರತಿಯೊಂದಕ್ಕೂ ಇಂಗ್ಲಿಷ್ ಕಾಗುಣಿತ, ಸರಿಯಾದ ಒಂದು ಕನ್ನಡ ಮಾತು, ಧಾತು ಇದ್ದರೆ ಧಾತು, ನಮ್ಮದೇ ಬದುಕಿನ ಒಂದು ಇಂಗ್ಲಿಷ್ ವಾಕ್ಯ. ಅದೇ ರಾತ್ರಿ ಒಮ್ಮೆ, ಮೂರನೆಯ ದಿನ, ಏಳನೆಯ ದಿನ, ಹದಿನೈದನೆಯ ದಿನ, ಮೂವತ್ತನೆಯ ದಿನ ಒಮ್ಮೊಮ್ಮೆ ಕನ್ನಡದ ಭಾಗವನ್ನು ಮುಚ್ಚಿ ನೋಡಬೇಕು. ವಾರಕ್ಕೆ ಆರು ದಿನದಂತೆ 30 ಶಬ್ದ. 26 ವಾರಕ್ಕೆ 780. ಇವು ಮುಖ್ಯರು, ಇವರ ಹಿಂದೆ ಬರುವ ಸಂಸಾರಗಳನ್ನು ಎಣಿಸಿದರೆ ಇನ್ನೂ ಹೆಚ್ಚು. ಗಾಜಿಯಾಬಾದಿನಿಂದಲೋ ಫರೀದಾಬಾದಿನಿಂದಲೋ ಬಂದು ಹೋಗುವವರಿಗೆ ಮೆಟ್ರೋದಲ್ಲಿ ನಿಂತೇ ಮಾಡಬಹುದಾದ ಕೆಲಸ ಇದು.

ಅಂಕದ ವ್ಯಾಪಾರವನ್ನೂ ಸ್ವಲ್ಪ ತಿಳಿಯಬೇಕು. ಮಲ್ಟಿ ಟಾಸ್ಕಿಂಗ್ ಪರೀಕ್ಷೆಯ ಎರಡನೆಯ ಭಾಗದಲ್ಲಿ ಸರಿಯಾದರೆ 3 ಬರುತ್ತದೆ, ತಪ್ಪಾದರೆ 1 ಹೋಗುತ್ತದೆ. ನಾಲ್ಕು ಉತ್ತರಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಗುರುತಿಸಿದರೆ ನಾಲ್ಕು ಸಲದಲ್ಲಿ ಒಂದು ಸಲ ಸರಿಯಾದೀತು: ಬಂದದ್ದು 3, ಹೋದದ್ದು 3, ಉಳಿದದ್ದು ಸೊನ್ನೆ. ಆದರೆ 'ಮಲ್' ಎಂದರೆ ಕೆಟ್ಟದ್ದು ಎಂಬಷ್ಟು ಗೊತ್ತಿದ್ದು, ಒಳ್ಳೆಯ ಅರ್ಥದ ಎರಡು ಉತ್ತರಗಳನ್ನು ಹೊಡೆದುಹಾಕಿದರೆ? ಉಳಿದ ಎರಡರಲ್ಲಿ ಒಂದು. ಎರಡು ಸಲದಲ್ಲಿ ಒಂದು ಸರಿ, ಒಂದು ತಪ್ಪು: ಬಂದದ್ದು 3, ಹೋದದ್ದು 1, ಉಳಿದದ್ದು 2. ಪೂರ್ತಿ ಗೊತ್ತಿಲ್ಲದಿದ್ದರೂ ಅರ್ಧ ಗೊತ್ತಿದ್ದರೆ ಬೆಲೆಯುಂಟು. ಏನೂ ಗೊತ್ತಿಲ್ಲದಿದ್ದಲ್ಲಿ ಸುಮ್ಮನೆ ಮುಂದೆ ಹೋಗುವುದೇ ಲೇಸು, ಸಮಯವಾದರೂ ಉಳಿಯುತ್ತದೆ.

ಎಲ್ಲರೂ ಈ ಪರೀಕ್ಷೆಯಲ್ಲಿ ಗೆಲ್ಲುತ್ತಾರೆಂದು ನಾವು ಹೇಳುವುದಿಲ್ಲ. ಹುದ್ದೆಗಳು ಕೆಲವು, ಕೂರುವವರು ಲಕ್ಷಗಟ್ಟಲೆ. ಕೆಲಸ ಸಿಗದಿದ್ದರೆ ಕಲಿತದ್ದು ವ್ಯರ್ಥವೇ? ನಮ್ಮ ಬದುಕಿನಲ್ಲಿ ಸಹಿ ಹಾಕುವ ಕಾಗದಗಳನ್ನು ಒಮ್ಮೆ ನೆನೆಯಿರಿ. ಬಾಡಿಗೆ ಕರಾರಿನಲ್ಲಿ 'ಫಾರ್ಫಿಟ್' ಎಂದಿರುತ್ತದೆ: ಕೊಟ್ಟ ಮುಂಗಡ ಮುಟ್ಟುಗೋಲು. ಕೆಲಸದ ಕರಾರಿನಲ್ಲಿ 'ಫೋರ್ತ್‌ವಿತ್' ಎಂದಿರುತ್ತದೆ: ಆ ಕ್ಷಣವೇ. 'ಲಯಬಲ್' ಎಂದಿರುತ್ತದೆ: ಹೊಣೆ. ಲೆಕ್ಕ ಚುಕ್ತಾ ಮಾಡುವ ಕಾಗದದಲ್ಲಿ 'ವೇವ್' ಎಂದಿರುತ್ತದೆ. ಕೈಬೀಸುವ 'ವೇವ್' ಅಲ್ಲ ಅದು. ನಡುವೆ 'ಐ' ಅಕ್ಷರ ಸೇರಿದ ಈ ಶಬ್ದದ ಅರ್ಥ, ನನ್ನ ಹಕ್ಕನ್ನು ನಾನಾಗಿ ಬಿಟ್ಟುಕೊಟ್ಟೆ ಎಂದು. ಎರಡು ಉಚ್ಚಾರವೂ ಒಂದೇ. ಪರೀಕ್ಷೆಯಲ್ಲಿ ಇದನ್ನು ತಪ್ಪು ತಿಳಿದರೆ ಒಂದು ಅಂಕ ಹೋಗುತ್ತದೆ. ಹೊರಗೆ ತಪ್ಪು ತಿಳಿದರೆ ವರ್ಷಗಳ ದುಡಿಮೆಯ ಬಾಕಿಯೇ ಹೋದೀತು. ಗೈಡಿನ ಶಬ್ದಗಳಲ್ಲಿ ನಮ್ಮನ್ನು ಕಾಯುವ ಇಂಥ ಶಬ್ದಗಳನ್ನು ಮೊದಲು ಕಲಿಯಬೇಕೆಂಬುದು ನಮ್ಮ ಆಗ್ರಹ.

ಕೊನೆಗೆ ವಾಚನಾಲಯದ ಮಾತು. ಈ ಊರಿನಲ್ಲಿ ಓದಲು ಒಂದು ಕುರ್ಚಿ, ಒಂದು ದೀಪ, ಸ್ವಲ್ಪ ಮೌನ ಇವಕ್ಕೂ ಬೆಲೆ ತೆರಬೇಕು. 2024ರ ಜುಲೈ 27ರಂದು ಓಲ್ಡ್ ರಾಜೇಂದ್ರ ನಗರದಲ್ಲಿ ನೆಲಮಾಳಿಗೆಯ ಓದುಕೋಣೆಗೆ ಮಳೆಯ ನೀರು ನುಗ್ಗಿ ಪರೀಕ್ಷೆಗೆ ಓದುತ್ತಿದ್ದ ಮೂವರು ತೀರಿಕೊಂಡರು. ಓದಲು ಬಂದ ಮಕ್ಕಳಿಗೆ ಭದ್ರವಾದ ಒಂದು ಕೋಣೆ ಎಷ್ಟು ದೊಡ್ಡ ವಸ್ತುವೆಂಬುದು ಅಂದು ಎಲ್ಲರಿಗೂ ತಿಳಿಯಿತು. ನಮ್ಮ ಕೋಣೆ ಚಿಕ್ಕದು. ಆದರೆ ಬಿಟ್ಟಿ, ಬೆಳಕಿನದು, ನಮ್ಮದು. ಇಲ್ಲಿ ಕನ್ನಡ ಪತ್ರಿಕೆ ಒಂದು ಮೇಜಿನ ಮೇಲೆ, ಇಂಗ್ಲಿಷ್ ಪತ್ರಿಕೆ ಇನ್ನೊಂದರ ಮೇಲೆ ಇರುತ್ತವೆ. ಅವೆರಡನ್ನು ಪಕ್ಕಪಕ್ಕದಲ್ಲಿಟ್ಟು ಒಂದೇ ಸುದ್ದಿಯನ್ನು ಎರಡರಲ್ಲೂ ಓದಿದರೆ ಅದಕ್ಕಿಂತ ಒಳ್ಳೆಯ ಗೈಡು ಬೇರೆ ಇಲ್ಲ.

ಬರುವ ಭಾನುವಾರದಿಂದ ಸಂಜೆ ಒಂದು ಗಂಟೆ ನಾವು ಐದಾರು ಮಂದಿ ಇಲ್ಲಿ ಕೂರುತ್ತೇವೆ. ಒಬ್ಬೊಬ್ಬರೂ ಆ ವಾರ ತಮ್ಮ ಕಡತದಲ್ಲೋ ಚೀಟಿಯಲ್ಲೋ ಬೋರ್ಡಿನಲ್ಲೋ ಕಂಡ ಐದು ಶಬ್ದ ಹೊತ್ತು ತರಬೇಕು. ಅದಕ್ಕೆ ಸರಿಯಾದ ಕನ್ನಡ ಮಾತನ್ನು ಎಲ್ಲರೂ ಸೇರಿ ಹುಡುಕೋಣ. ಫೀಸು ಇಲ್ಲ, ಹಾಜರಿ ಇಲ್ಲ; ಬೇಕಾದದ್ದು ಎರಡು ಕಾಣೆಯ ನೋಟುಬುಕ್ಕು ಮಾತ್ರ. ವಯಸ್ಸು ಮೀರಿದವರೂ ಬನ್ನಿ, ಚಿಕ್ಕವರಿಗೆ ಹೇಳಿಕೊಡಲು. ಮನೆಯ ಹೆಣ್ಣುಮಕ್ಕಳನ್ನೂ ಕರೆತನ್ನಿ. ಈ ಪರೀಕ್ಷೆಯ ಬಾಗಿಲು ಅವರಿಗೂ ತೆರೆದಿದೆ.